ಆಟಕ್ಕೆ ಮುಂಚಿನ ಅರ್ಧ ಗಂಟೆ

ಹಂಚಿನ ಕಾರ್ಖಾನೆ ಮುಚ್ಚಿಹೋದ ಮೇಲೂ ನಿಂತಿರುವ ಗೋಡೆಯ ಮೇಲೆ
ಐದೂವರೆಗೇ ಬಂದು ಕೂತಿದ್ದಾರೆ ಮೂವರೂ
ಅಡಿಗೆ ಪೇಪರು ಹಾಸಿ.
ಬಿಸಿಲು ಇಳಿದಿದೆ, ಸೆಕೆ ಇಳಿದಿಲ್ಲ.
ಬೊಕ್ಕಪಟ್ಣದ ಕೋರ್ಟಿನ ಸಿಮೆಂಟು
ಇನ್ನೂ ದೋಸೆ ಹುಯ್ಯಬಹುದಾದ ಕಾವಲಿ.

ಬೇಸಿಗೆ ಲೀಗು ಇವತ್ತು ಶುರು.
ಹುಡುಗರು ಎರಡು ಸಾಲಾಗಿ ಲೇ-ಅಪ್ ಹಾಕುತ್ತಿದ್ದಾರೆ.
ನಾನು ಸ್ಕೋರ್ ಟೇಬಲ್ಲಿನಲ್ಲಿ ಪೆನ್ಸಿಲು ಕೆತ್ತುತ್ತ
ಕೇಳಿಸದವಳ ಹಾಗೆ ಕೇಳುತ್ತೇನೆ.

ಹೆರಾಲ್ಡ್ ಲಸ್ರಾದೊ ಮೊದಲು ನೋಡುವುದು ಪಾದ.
"ಹದಿನಾಲ್ಕು ವರ್ಷಕ್ಕೆ ಹತ್ತು ನಂಬರಿನ ಶೂ!
ಇನ್ನೂ ಅರ್ಧ ಅಡಿ ಉಂಟು ಒಳಗೆ, ಬರೆದಿಡಿ."
ಬರೆದಿಡುವವರೂ ಅವರೇ,
ಹಳೆ ಕ್ಯಾಲೆಂಡರಿನ ಹಾಳೆ ಮಗುಚಿ ಹೊಲಿದ ಪುಸ್ತಕದಲ್ಲಿ.
ಹಿಂದಿನ ವರ್ಷದ ಪುಟ ಯಾರಿಗೂ ತೋರಿಸುವುದಿಲ್ಲ.

ದಕ್ಕೆಯಲ್ಲಿ ಮೀನು ಏಲಂ ಕೂಗಿ ಗಂಟಲು ಒಡೆದುಕೊಂಡ
ವಾಮನ ಸಾಲ್ಯಾನರಿಗೆ ಕಣ್ಣು ಸಾಕು.
"ಅಂಜಲ್ ಆಗಲಿ ಹುಡುಗ ಆಗಲಿ
ಕಣ್ಣು ಮಸುಕಾದರೆ ಮುಗೀತು ಮಾರ್ರೆ."

ಪುತ್ತುಮೋನಾಕ ಬಾಯಿ ಬಿಡುವುದೇ ಕಡಿಮೆ.
ಎಂಟೂ ತಂಡದ ಜೆರ್ಸಿ ಹೊಲಿದವರು ಅವರು.
ಭುಜದಲ್ಲಿ ಒಂದು ಬೆರಳು ಸಡಿಲ ಬಿಟ್ಟಿದ್ದರೆ ಭರವಸೆ,
ಬಿಡದಿದ್ದರೆ ತೀರ್ಪು.
ಹುಡುಗರಿಗೆ ಇದು ಗೊತ್ತು. ಜೆರ್ಸಿ ಬಂದ ದಿನ
ಮೊದಲು ಹೊಲಿಗೆ ಮುಟ್ಟಿ ನೋಡುತ್ತಾರೆ.

"ಏಳನೇ ನಂಬರು?"
"ಎಡಗೈ ಸ್ವಂತ ಮನೆ. ಬಲಗೈಗೆ ಬಾಡಿಗೆಗೂ ಜನ ಇಲ್ಲ."
"ಆ ಉದ್ದದವ?"
"ನೀರುದೋಸೆ. ಮುಟ್ಟಿದರೆ ಹರೀತಾನೆ."
"ಹನ್ನೊಂದು?"
"ಅವನ ಅಮ್ಮನನ್ನು ನೋಡಿದ್ದೀರಾ, ಬಸ್ಸಿನಲ್ಲಿ ತಲೆ ತಗ್ಗಿಸಿ ನಿಲ್ತಾರೆ.
ಕಾಯುವ, ಕಾಯುವ."

ಎಂಬತ್ತೊಂಬತ್ತರ ಮೇ ತಿಂಗಳು. ಇದೇ ಗೋಡೆ.
ಲಸ್ರಾದೊ ಬಾಬ್‌ಗೆ ಆಗ ತಲೆ ತುಂಬ ಕೂದಲು.
"ಕೈ ಚಿನ್ನ. ಆದರೆ ಎತ್ತರ ಸಾಲದು."
ನಾನು ಶೂ ಲೇಸು ಕಟ್ಟುವ ನೆವದಲ್ಲಿ
ಬಗ್ಗಿದವಳು ತುಂಬ ಹೊತ್ತು ಏಳಲಿಲ್ಲ.
ಅಡುಗೆಮನೆಯ ಬಾಗಿಲಿಗೆ ಬೆನ್ನು ಒತ್ತಿ
ಪ್ರತಿ ಭಾನುವಾರ ಸೀಮೆಸುಣ್ಣದ ಗೆರೆ.
ಗೆರೆ ಗೆರೆಯ ಮೇಲೆಯೇ ಬಿತ್ತು,
ದಪ್ಪವಾಯಿತೇ ಹೊರತು ಏರಲಿಲ್ಲ.
ಅವರು ಹೇಳಿದ್ದು ಸರಿಯಾಗಿಯೇ ಇತ್ತು,
ಅದಕ್ಕೇ ಇರಬೇಕು
ಇಷ್ಟು ವರ್ಷವಾದರೂ ಕಿವಿಯಿಂದ ಇಳಿಯದ್ದು.

ಇವತ್ತು ಮೂವರೂ ಒಟ್ಟಿಗೆ ಸುಮ್ಮನಾದದ್ದು
ತೋಟ ಬೆಂಗ್ರೆಯ ಶಮ್ಮಾಸ್ ಬಂದಾಗ.
ಬೋಟು ತಡವಾಗಿ, ಓಡಿ ಬಂದವನು.
ಕಾಲ್ಚೆಂಡಿನ ಊರಿನವ, ಬಾಸ್ಕೆಟ್‌ಬಾಲ್ ಮುಟ್ಟಿದ್ದು ಕಳೆದ ಜೂನಿನಲ್ಲಿ.
ಶೂ ಅಣ್ಣನದ್ದು, ತುದಿಗೆ ಬಟ್ಟೆ ತುರುಕಿದೆ,
ಪಾದದ ಲೆಕ್ಕ ತಪ್ಪಿತು.
ಜ್ವರ ಬಂದ ಇನ್ಯಾರದ್ದೋ ಜೆರ್ಸಿ ಮೈಮೇಲೆ.
ಕಣ್ಣಂತೂ ರಿಂಗಿನ ಕಡೆಗಿಲ್ಲ,
ಪದೇ ಪದೇ ಹೊಳೆಯ ಕಡೆಗೆ.

"ಗಮನ ಇಲ್ಲ," ಎಂದರು ಸಾಲ್ಯಾನರು.
"ಹೆದರಿಕೆ," ಎಂದರು ಲಸ್ರಾದೊ, ಪೆನ್ನಿನ ಮುಚ್ಚಳ ಕಚ್ಚುತ್ತ.
ಪುತ್ತುಮೋನಾಕ ಗೋಡೆಯಿಂದ ಸ್ವಲ್ಪ ಮುಂದಕ್ಕೆ ಬಾಗಿದರು,
ಏನೂ ಹೇಳಲಿಲ್ಲ.
ಹುಡುಗ ಒಂದು ಪಾಸು ಕೊಟ್ಟ, ನೋಡದೆ,
ಇನ್ನೂ ಯಾರೂ ತಲುಪಿರದ ಜಾಗಕ್ಕೆ.
ಚೆಂಡು ಹೋಗಿ ಬೇಲಿಗೆ ಬಡಿಯಿತು. ಎಲ್ಲರೂ ನಕ್ಕರು.
ನನ್ನ ಕೈ ಮಾತ್ರ
ಟೇಬಲ್ಲಿನ ಅಡಿಯಲ್ಲಿ ತಾನಾಗಿ ತೆರೆದುಕೊಂಡಿತ್ತು,
ಆ ಜಾಗದಲ್ಲಿ ನಾನಿದ್ದಿದ್ದರೆ ಎಂಬಂತೆ.

ಹೆಸರು ಬರೆಸಲು ಬಂದ.
ಬೆವರು ಸ್ಕೋರ್ ಶೀಟಿನ ಮೇಲೆ ಎರಡು ಹನಿ.
"ಟೀಚರ್, ಆಟ ಮುಗಿಯುವಾಗ ಎಷ್ಟಾಗ್ತದೆ?"
"ಎಂಟು, ಎಂಟೂ ಹತ್ತು. ಯಾಕೆ?"
"ಕೊನೆಯ ಬೋಟು ಎಂಟೂವರೆಗೆ."

ಕಡವಿಗೆ ಓಡಿದರೆ ಹದಿನೈದು ನಿಮಿಷ.
ಸಮ ಸಮ ಬಂದು ಹೆಚ್ಚುವರಿ ಐದು ನಿಮಿಷ ಆಡಿದರೆ
ಅವನು ಇಲ್ಲಿ, ಅವನ ಮನೆ ಆಚೆ ದಡದಲ್ಲಿ.

ಶಿಳ್ಳೆ ಹೊಡೆಯಿತು.
ಗೋಡೆಯ ಮೇಲೆ ಪುಸ್ತಕ ತೆರೆಯಿತು.
ಮೂವತ್ತು ವರ್ಷ ಯಾವ ತಂಡಕ್ಕೂ ಮನಸ್ಸು ಕೊಡದ ನಾನು
ಗಡಿಯಾರದ ಗುಂಡಿ ಒತ್ತುತ್ತ ಬೇಡಿಕೊಂಡೆ:
ಯಾರಾದರೂ ಗೆಲ್ಲಲಿ,
ಬೇಗ ಗೆಲ್ಲಲಿ.