ಸೊನ್ನೆಯಲ್ಲ

ಮಲ್ಪೆಯ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯಲ್ಲಿ ಕೂತು
ಲ್ಯಾಪ್‌ಟಾಪಿನೊಳಗೊಂದು ಬಂದರು ಕಟ್ಟುತ್ತಿದ್ದೇನೆ.
ಕೆಳಗೆ ಯಂತ್ರ ನಿಂತಿದೆ. ನಿಷೇಧದ ತಿಂಗಳು.
ಬೋಟುಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು
ಹೊಳೆಯಲ್ಲಿ ತೂಕಡಿಸುತ್ತಿವೆ.
ಸೊಸೈಟಿಯವರ ಮಾತು ಒಂದೇ: ಆಗಸ್ಟಿಗೆ
ಹರಾಜಿನ ಲೆಕ್ಕ ಮೊಬೈಲಿನಲ್ಲಿ ಕಾಣಬೇಕು.

ಮೊದಲ ಆಜ್ಞೆಗೇ ತಕರಾರು.
ಐದು ನಾಲ್ಕು ಮೂರು ಎರಡು, ಆ ಪೋರ್ಟಿನಲ್ಲಿ ಜಾಗವಿಲ್ಲ,
ಯಾರೋ ಆಗಲೇ ಲಂಗರು ಬಿಟ್ಟಿದ್ದಾರೆ.
ಯಾರೆಂದು ಹುಡುಕಿದರೆ ನಾನೇ:
ಹೋದ ವರ್ಷ ಆಸ್ಪತ್ರೆಯೊಂದರ ಕೆಲಸಕ್ಕೆ ಎಬ್ಬಿಸಿ
ಮಲಗಿಸಲು ಮರೆತ ಡೇಟಾಬೇಸು.
ಅದರ ಪಾಡಿಗೆ ಅದಿರಲಿ ಎಂದು
ಪಕ್ಕದ ನಂಬರಿಗೆ ಕಟ್ಟಿದೆ,
ತಡವಾಗಿ ಬಂದ ಬೋಟು
ಇನ್ನೊಂದರ ಬೆನ್ನಿಗೆ ಹಗ್ಗ ಎಸೆಯುವ ಹಾಗೆ.

ಟೇಬಲ್ಲುಗಳೆದ್ದವು: ಬೋಟು, ತಾಂಡೇಲ, ಪ್ರಯಾಣ, ಬುಟ್ಟಿ, ಬೆಲೆ.
ಎಲ್ಲ ಖಾಲಿ.
ಖಾಲಿ ಕಡಲಿಗೆ ಯಾವ ಪರೀಕ್ಷೆ?
ಸುಳ್ಳು ಮೀನು ಬಿತ್ತಿದೆ. ಮುನ್ನೂರು ಬುಟ್ಟಿ ಬಂಗುಡೆ,
ನಲ್ವತ್ತು ಅಂಜಲ್, ತಮಾಷೆಗೊಂದು ತಿಮಿಂಗಿಲ,
ಕೆಜಿಗೆ ಎರಡು ರೂಪಾಯಿ.
ಇಲ್ಲದ ಬೋಟುಗಳಿಗೆ ಹೆಸರಿಟ್ಟೆ.
ಒಂದಕ್ಕೆ ಗಣಿತದ ಟೀಚರದು,
ಇನ್ನೊಂದಕ್ಕೆ ಪಕ್ಕದ ಮನೆಯ ಬೆಕ್ಕಿನದು: ಶ್ರೀ ಪಿಲಿ ಪ್ರಸಾದ.

ಪರೀಕ್ಷೆಯೊಂದು ಮುಗಿದ ಕೂಡಲೇ ಎಲ್ಲವನ್ನೂ ಅಳಿಸಬೇಕು,
ಹರಾಜಾದ ಮೇಲೆ ದಕ್ಕೆಯ ನೆಲಕ್ಕೆ ಪೈಪು ಹಿಡಿದಂತೆ;
ಮುಂದಿನದಕ್ಕೆ ಹಿಂದಿನದರ ವಾಸನೆ ತಾಗಬಾರದು.
ಹದಿನೇಳು ಬರೆದೆ. ಹದಿನೇಳೂ ಹಸಿರು.

ತೇಜಪ್ಪ ಮೆಂಡನ್ನರು ಹಳೆಯ ಲೆಡ್ಜರುಗಳನ್ನು ಕಂಕುಳಲ್ಲಿ ಒತ್ತಿ
ಮೆಟ್ಟಿಲು ಹತ್ತಿ ಬಂದರು, ಏದುಸಿರು.
ಪರದೆಯ ಹತ್ತಿರ ಮೂಗು ತಂದು
ಬೆರಳಿಟ್ಟರು ಒಂದು ಸಾಲಿನ ಮೇಲೆ.
"ಈ ಪಿಲಿ ಬಂತಾ?"
ಬಂದಿಲ್ಲ, ಅದಕ್ಕೇ ಸೊನ್ನೆ ಎಂದೆ.
"ಸೊನ್ನೆ ಅಂದ್ರೆ ಬಂತು ಮಾರಾಯ್ತಿ.
ಬಲೆ ಖಾಲಿ, ಡೀಸೆಲಿಗೆ ಬೆಂಕಿ, ಆದ್ರೆ ಬಂತು.
ತಾಂಡೇಲ ಮನೆಗೆ ಹೋಗಿ ಗಂಜಿ ಉಂಡ."

ಬಾರದ್ದಕ್ಕೆ ಏನು ಬರೀತೀರಿ?
ಲೆಡ್ಜರು ಬಿಚ್ಚಿದರು. ಪೆನ್ಸಿಲಿನ ಒಂದು ಚುಕ್ಕಿ.
"ಬೈದಿಜಿ ಅಂತ ಲೆಕ್ಕ.
ಬಂದ ದಿನ ಅದರ ಮೇಲೇ ಶಾಯಿ."
ಪುಟ ಮಗುಚುತ್ತ ಹೋದರು. ಶಾಯಿ, ಶಾಯಿ, ಶಾಯಿ.
ಒಂದು ಪುಟವನ್ನು ಮಾತ್ರ ತುಸು ಬೇಗ ಮಗುಚಿದರು.
ನಾನು ಕಂಡಿದ್ದೆ.
ಯಾವ ವರ್ಷದ್ದೆಂದು ಕೇಳಲಿಲ್ಲ.
ಅವರು ಸೊಳ್ಳೆಯ ಬಗ್ಗೆ ಏನೋ ಅಂದು ಇಳಿದು ಹೋದರು.

ಡೇಟಾಬೇಸಿಗೆ ಇದು ಮೊದಲೇ ಗೊತ್ತಿತ್ತು.
ಬಾರದ ಎರಡು ಬೋಟುಗಳು ಪರಸ್ಪರ ಸಮವೇ ಎಂದರೆ
ಅದು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ.
ಸರಾಸರಿ ತೆಗೆಯುವಾಗ ಅವನ್ನು ಮುಟ್ಟದೆ ದಾಟುತ್ತದೆ.
ನಿಟ್ಟೆಯ ಕಾಲೇಜಿನಲ್ಲಿ ಇದನ್ನೇ
ಎರಡು ಅಂಕಕ್ಕೆ ಬರೆದಿದ್ದೆ, ಒಂದೂವರೆ ಬಂದಿತ್ತು.

ಹದಿನೆಂಟನೆಯದಕ್ಕೆ ಹೆಸರು ಕೊಟ್ಟೆ:
ಬೈದಿಜಿ ಎಂದರೆ ಸೊನ್ನೆಯಲ್ಲ.
ಎಂಟರ್ ಒತ್ತಿದೆ. ಕೆಂಪು.
ಬಂದ ತಾರೀಕು ಇರಲೇಬೇಕೆಂಬ ನನ್ನದೇ ಹಟವನ್ನು
ಕಾಲಮ್ಮಿನಿಂದ ಕಿತ್ತೆ. ಮತ್ತೆ ಕೆಂಪು.
ಪ್ರತಿ ಸಲವೂ ಪಿಲಿ ಹೊರಡುತ್ತದೆ,
ಬರುವುದಿಲ್ಲ, ನೆಲ ತೊಳೆಯುತ್ತೇನೆ,
ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ.

ಹನ್ನೆರಡೂವರೆಗೆ ಹಸಿರಾಯಿತು.
ಪರದೆಯ ಮೇಲೆ ಅದರ ಮುಂದೆ
ಸಣ್ಣದೊಂದು ಬೂದು ಚುಕ್ಕಿ.

ತಿಮಿಂಗಿಲವನ್ನು ಅಳಿಸಿದೆ.
ಪಿಲಿಯನ್ನು ಹಾಗೇ ಬಿಟ್ಟೆ.