ಸರಪಳಿ ಹಿಡಿದವನ ಲೆಕ್ಕ

ಹತ್ತು ಗಜದ ಸರಪಳಿ, ಎರಡು ಕಿತ್ತಳೆ ಕೋಲು.
ಹಿಂದಿನ ಕೋಲು ನನ್ನದು.
ಇಪ್ಪತ್ತಾರು ವರ್ಷದ ಶನಿವಾರಗಳಲ್ಲಿ
ಟಾಲ್ಬರ್ಟ್ ಕಾಲೇಜಿನ ಮೈದಾನದಂಚಿಗೆ
ಚೆಂಡು ಹೋದತ್ತ ಹೋದವನು.
ಉಳಿದ ದಿನ ಒಹಾಯೊ ನದಿಯ ದಂಡೆಯಲ್ಲಿ
ಜೋಳದ ಲಾರಿಗಳ ತೂಕ ಬರೆಯುತ್ತೇನೆ.
ಅಲ್ಲೂ ಇಲ್ಲೂ ಅಳೆಯುವುದೇ ಕಸುಬು.

ಲೊವೆಲ್ ಪ್ರುಯಿಟ್ ಕೋಚಾಗಿ ಬಂದಾಗ ಊರು ನಕ್ಕಿತ್ತು.
ಎಲ್ಲರೂ ಚೆಂಡನ್ನು ಆಕಾಶಕ್ಕೆ ಎಸೆಯುವ ಕಾಲ,
ಈತ ಅದನ್ನು ನೆಲಕ್ಕೇ ಕಟ್ಟಿಹಾಕಿದ.
"ಅಜ್ಜನ ಕಾಲದ ಆಟ" ಅಂದ ಕ್ಷೌರದಂಗಡಿಯ ಮರ್ಲ್,
"ಎರಡೇ ವರ್ಷ. ಆಮೇಲೆ ಗುಟ್ಟು ರಟ್ಟು."

ಗುಟ್ಟೇನಿಲ್ಲ, ಹೇಳಿಬಿಡುತ್ತೇನೆ:
ಎದುರಿನವರಲ್ಲಿ ಒಬ್ಬನನ್ನು, ಅಂಚಿನವನನ್ನು,
ಬೇಕೆಂದೇ ಯಾರೂ ಮುಟ್ಟುವುದಿಲ್ಲ.
ಫುಲ್‌ಬ್ಯಾಕಿನ ಹೊಟ್ಟೆಗೆ ಚೆಂಡು ಒತ್ತಿ
ಕ್ವಾರ್ಟರ್‌ಬ್ಯಾಕ್ ಆ ಬಿಟ್ಟವನ ಭುಜ ನೋಡುತ್ತಾನೆ.
ಅವನು ಒಳಗೆ ನುಗ್ಗಿದನೋ, ಚೆಂಡು ಹೊರಗೆ.
ಹೊರಗೇ ನಿಂತನೋ, ಚೆಂಡು ಒಳಗೆ.
ಆಚೆ ಇನ್ನೊಬ್ಬ ಅಡ್ಡ ಬಂದರೆ
ಪಕ್ಕದಲ್ಲಿ ಓಡುವವನಿಗೆ ಬೆರಳ ತುದಿಯಿಂದ ಒಂದು ಚಿಮ್ಮು.
ತಡೆಯದೆ ಬಿಟ್ಟದ್ದೇ ಅವನಿಗೆ ತಡೆ.
ಸರಿ ಮಾಡಿದರೂ ತಪ್ಪಾಗುತ್ತದೆ, ಪಾಪ.

ಮೂರು ಗಜ. ನಾಲ್ಕು. ಮತ್ತೆ ಎರಡೂಮುಕ್ಕಾಲು.
ಗೇಣಿನಷ್ಟು ಉಳಿದಾಗ ಬೇರೆಯವರು ಒದ್ದು ಕಳಿಸುವ ಚೆಂಡನ್ನು
ಪ್ರುಯಿಟ್ ಮತ್ತೆ ಅದೇ ಹೊಟ್ಟೆಗೆ ಒತ್ತಿಸುತ್ತಿದ್ದ.
ಎಳಿ ಸರಪಳಿ.
ಎಳಿ.
ಹನಿಗೂಡಿ ಹಳ್ಳವೇನೂ ಆಗಲಿಲ್ಲ;
ಆದರೆ ಎದುರಿನವರ ಬಾಯಿ ಒಣಗುತ್ತಿತ್ತು.

ದೊಡ್ಡ ಕಾಲೇಜುಗಳು ಬೇಡವೆಂದ ಹುಡುಗರು ಅವರೆಲ್ಲ:
ಐದಡಿ ಏಳಿಂಚಿನ ಆರ್ವಿಲ್ ಸ್ಟಂಪ್, ಗಣಿ ಕಡೆಯವನು,
ಟೊಲೀಡೊದಿಂದ ಬಂದ ದಾರಿಯಸ್ ಕೋಟ್ಸ್,
ಎಸೆಯಲು ಬಾರದವನು, ಎದುರಿನವನ ಭುಜ
ಪತ್ರಿಕೆಯಂತೆ ಓದುವವನು.

ಫಲವೇನು, ಅಂತ ಕೇಳುತ್ತಾರೆ.
ಇಪ್ಪತ್ತೆರಡು ವರ್ಷ, ಹದಿನೇಳರಲ್ಲಿ ಗೆಲುವೇ ಹೆಚ್ಚು.
ಒಮ್ಮೆಯೂ ಒಂಬತ್ತು ದಾಟಲಿಲ್ಲ.
ಎರಡು ಟಚ್‌ಡೌನ್ ಹಿಂದೆ ಬಿದ್ದರೆ ಕಥೆ ಮುಗಿಯಿತು,
ಅವಸರ ಅನ್ನುವುದು ಈ ಆಟಕ್ಕೆ ಗೊತ್ತೇ ಇಲ್ಲ.
ಒಂದು ವಾರದ ತಯಾರಿಯವರು ನಮಗೆ ಸೋತರು;
ಮೂರು ವಾರ ಸಿಕ್ಕವರು ನಮ್ಮನ್ನು ಹುಡಿ ಮಾಡಿದರು.
ಮತ್ತೆ, ನಮ್ಮವರು ಮಂಡಿಗೇ ಬೀಳುತ್ತಿದ್ದರು.
ಅದನ್ನೂ ಲೆಕ್ಕದಲ್ಲಿ ಬರೆಯಬೇಕು.

ಪ್ರುಯಿಟ್ ಹೋದ. ಹೊಸ ಕೋಚ್ ಆಕಾಶದವನು.
ಮೂರು ಎಸೆತ, ಮೂರೂ ಹುಲ್ಲಿಗೆ,
ಸರಪಳಿ ಬಿದ್ದಲ್ಲೇ ಬಿದ್ದಿರುತ್ತದೆ.
ನಾಲ್ಕನೆಯದು ಕೈಗೆ ಸಿಕ್ಕರೆ ನಲವತ್ತು ಗಜ,
ನಾನು ಕೋಲು ಹಿಡಿದು ಕುಂಟುತ್ತ ಓಡಬೇಕು.
ಜನ ಎದ್ದು ಕೂಗುತ್ತಾರೆ. ನಾನೂ ಕೂಗಿದ್ದೇನೆ, ಸುಳ್ಳೇಕೆ.

ಕಳೆದ ಅಕ್ಟೋಬರಿನಲ್ಲಿ ತೂಕದ ಕಟ್ಟೆಗೆ ಬಂದ ಲಾರಿಯವನು
ನನ್ನ ಟೋಪಿಯ ಮೇಲಿನ ಟಾಲ್ಬರ್ಟ್ ನೋಡಿ ಇಂಜಿನ್ ಆರಿಸಿದ.
ಗ್ಯಾರೆಟ್ ನೂನ್. ನದಿಯಾಚೆಯ ತಂಡದ ಅಂಚಿನವನು,
ನಾಲ್ಕು ವರ್ಷ ನಾವು ಮುಟ್ಟದೆ ಬಿಟ್ಟವನು.
ಈಗ ನಲವತ್ತೊಂದು, ಗಡ್ಡದಲ್ಲಿ ನರೆ.
"ಈಗಲೂ ಕನಸಿನಲ್ಲಿ" ಅಂದ,
"ಆ ಹುಡುಗ ಚೆಂಡು ಒತ್ತಿ ನನ್ನನ್ನೇ ನೋಡುತ್ತಾನೆ.
ಒಳಗೆ ಹೋಗುತ್ತೇನೆ, ತಪ್ಪು.
ಹೊರಗೆ ನಿಲ್ಲುತ್ತೇನೆ, ತಪ್ಪು.
ನನ್ನ ಹೆಂಡತಿ ಎಬ್ಬಿಸುತ್ತಾಳೆ."

ಚೀಟಿ ಹರಿದುಕೊಟ್ಟೆ.
ಮುಂದೆ ಜೋಳ ಸುರಿಯಲು ಎರಡು ಗುಂಡಿ, ಎರಡೂ ಖಾಲಿ.
"ಎಡವೋ, ಬಲವೋ?" ಅಂತ ಕೇಳಿದ.
ನಾನು ಮಾತಾಡಲಿಲ್ಲ. ಅವನ ಭುಜ ನೋಡುತ್ತಿದ್ದೆ.
ಅವನು ನಗುತ್ತ ಬೈದು
ಗೇರು ಹಾಕಿದ,
ಬ್ರೇಕಿನ ಕೆಂಪು ದೀಪ ಮಾತ್ರ
ಇನ್ನೂ ಆರಿರಲಿಲ್ಲ.