ತಲೆಕಟ್ಟು

ಆ ಟೈಪ್‌ರೈಟರ್ ಹಡಗೇರಿ ಬಂದದ್ದು ಅವರ ದೇಶದಿಂದಲೇ.
ನಮ್ಮ ಭಾಷೆ ಅದಕ್ಕೆ ಪೂರಾ ಬರುತ್ತಿರಲಿಲ್ಲ.
ಎನ್ ಇತ್ತು; ಎನ್ನಿನ ನೆತ್ತಿಗೆ ಬೇಕಾದ
ಡೊಂಕು ತಲೆಕಟ್ಟು ಇರಲಿಲ್ಲ.
ಅದಿಲ್ಲದೆ ತೆಗುಸಿಗಾಲ್ಪದಲ್ಲಿ
ಯಾರನ್ನೂ ‘ಸೆನ್ಯೋರ್’ ಅನ್ನುವಂತಿಲ್ಲ.
‘ವರುಷ’ ಅಂತ ಹೊಡೆದರೆ ಓದುವವರಿಗೆ ಕಾಣುವುದು
ಚಡ್ಡಿಯೊಳಗಿನ ಜಾಗ.

ಎರಡು ತಿಂಗಳು ಪೆನ್ನಿನಲ್ಲಿ ತಿದ್ದಿದೆ.
ಆಮೇಲೆ ಸೇತುವೆಯಾಚೆಯ ಗಡಿಯಾರದಂಗಡಿಯಿಂದ
ವೆಂಡೆಲಿನ್ ಬಂದ. ಕಣ್ಣಿಗೆ ಮಸೂರ ಸಿಕ್ಕಿಸಿ,
ಸಾಸಿವೆಯಷ್ಟು ಸೀಸ ಬೆಸೆದು,
ಸೂಜಿಮೊನೆಯಿಂದ ಎರಡು ಸಲ ಬಳುಕಿಸಿ,
“ಹೊಡೆಯಿರಿ, ಒತಿಲಿಯಾ” ಅಂದ.
ಹೊಡೆದೆ. ಮೂಡಿತು,
ತುಸು ಎಡಕ್ಕೆ ವಾಲಿ.
ನಲವತ್ತು ಸೆಂಟಾವೊ ಅಂತ ಚೀಟಿ ಬರೆದಿಟ್ಟು ಹೋದ.

ಡಿಸೆಂಬರಿನ ಒಂದು ಮಧ್ಯಾಹ್ನ ದೋನ್ ಎವರಿಸ್ತೊ
ಊಟ ಬಿಟ್ಟು ಓಡಿಬಂದರು, ಮೀಸೆಯಲ್ಲಿ ಅಲಸಂದೆಯ ಚೂರು.
“ಯುದ್ಧ ಸಾರಬೇಕು. ನಾಲ್ಕು ಗಂಟೆಯೊಳಗೆ. ಕಾರ್ಬನ್ ಮೂರು.”
ಕಡಲಾಚೆಯವರಿಗೆ ನಮ್ಮ ದೇಶ ಎಲ್ಲಿದೆ ಅಂತಲಾದರೂ
ಗೊತ್ತಿತ್ತೋ ಇಲ್ಲವೋ.
ಅವರು ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ.
ಸಂಬೋಧನೆಯಲ್ಲೊಮ್ಮೆ, ತಾರೀಖಿನಲ್ಲೊಮ್ಮೆ
ವೆಂಡೆಲಿನ್‌ನ ಸೀಸ ಕಾಗದವನ್ನು ಕಚ್ಚಿತು.
ಕೊನೆಗೆ:
ತಮ್ಮ ಬಗೆಗಿನ ನನ್ನ ಅತ್ಯುನ್ನತ ಗೌರವವನ್ನು
ಈ ಸಂದರ್ಭದಲ್ಲಿ ಮತ್ತೊಮ್ಮೆ ಅರಿಕೆ ಮಾಡಿಕೊಳ್ಳುತ್ತ…

ಕೈ ತಡೆದೆ.
“ತಂತಿಗೆ ಪದಕ್ಕಿಷ್ಟು ದುಡ್ಡು, ದೋನ್.
ಗೌರವ ಬಿಡೋಣವೆ?”
ಅವರು ಮೀಸೆ ಒರೆಸಿಕೊಂಡರು.
“ಇರಲಿ. ಕೊಲ್ಲುತ್ತೇವೆ ಅನ್ನುವವರು
ನಮಸ್ಕಾರಕ್ಕೆ ಜಿಪುಣತನ ಮಾಡಬಾರದು.”

ಜನವರಿಯಲ್ಲಿ ಬಂದದ್ದು ಪಟ್ಟಿ: ವೈರಿದೇಶದ ಪ್ರಜೆಗಳು.
ಕಾಫಿ ತೋಟದ ಮೂವರು, ಔಷಧಿಯಂಗಡಿಯ ವಿಧವೆ,
ಪಿಯಾನೊ ಕಲಿಸುವ ಒಬ್ಬ ಕುಂಟ,
ಅಕಾರಾದಿಯಲ್ಲಿ ಎಲ್ಲರಿಗಿಂತ ಕೊನೆಗೆ ಅವನು.
ಅವನ ಹೆಸರಿಗೆ ಆ ತಲೆಕಟ್ಟು ಬೇಕಾಗಲಿಲ್ಲ.

ಚೀಟಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿತ್ತು.
ಖಜಾಂಚಿಗೆ ತೋರಿಸಿದೆ. ಆತ ಕಾಯಿದೆ ತೋರಿಸಿದ:
ವೈರಿಗೆ ಪಾವತಿ ಇಲ್ಲ.
ನಾನೇ ಕೊಟ್ಟುಬರೋಣ ಅಂತ ಸೇತುವೆ ದಾಟಿದೆ,
ಮುಷ್ಟಿಯಲ್ಲಿ ನಾಣ್ಯ ಬೆವರುತ್ತಿತ್ತು.

ಬಾಗಿಲಿಗೆ ಅರಗಿನ ಮೊಹರು.
ಮೇಲೊಂದು ಹಾಳೆ, ನಾನೇ ಹೊಡೆದದ್ದು;
ಎಲ್ಲಿಗೆ ಅಂಟಿಸುತ್ತಾರೆಂದು ಆಗ ಕೇಳಿರಲಿಲ್ಲ.
ಓದಬೇಕಾಗಿಯೂ ಇರಲಿಲ್ಲ. ರಸ್ತೆಯ ಈ ಬದಿಯಿಂದಲೇ ಕಂಡಿತು,
ವರುಷದ ನೆತ್ತಿಯ ಮೇಲೆ
ತುಸು ಎಡಕ್ಕೆ ವಾಲಿದ್ದು.